ಗೆಳೆಯನಿಗೊಂದು ಪತ್ರ: ಮಗನಿಗೆ ದಿನಕ್ಕೊಂದು ಛೆಟ್ರಿ

ಮಂಗಳೂರು

ಪ್ರೀತಿಯ ಗೆಳೆಯಾ,

ನಿನ್ನ ಮೆಸೇಜು ಓದಿದೆ. ದಿನಾ ಬೆಳಗ್ಗೆ ಕುವೈತಿನಿಂದ ಮಗನಿಗೆ ಫುಟ್ಬಾಲಿನ ಒಂದೊಂದು ಸಂಗತಿ ಕಳಿಸುತ್ತಿದ್ದೀಯಲ್ಲ, ಅದಕ್ಕೆ ಈಗ ಸರಕು ಮುಗಿಯಿತು ಅಂದಿದ್ದೀಯ. ಮೆಸ್ಸಿ ಆಯ್ತು, ರೊನಾಲ್ಡೊ ಆಯ್ತು, ನೇಮಾರ್ ಆಯ್ತು. "ಇನ್ನು ಯಾರು ಮಾರಾಯ?" ಅಂತ ಕೇಳಿದ್ದೀಯ. ಸುನಿಲ್ ಛೆಟ್ರಿ, ನಮ್ಮ ಭಾರತ ಫುಟ್ಬಾಲ್ ತಂಡದ ಕ್ಯಾಪ್ಟನ್ ಆಗಿದ್ದವನು. ನನ್ನ ಉತ್ತರ ಅಷ್ಟೇ. ಆದರೆ ಯಾವುದನ್ನು ಕಳಿಸಬೇಕು, ಯಾವಾಗ ಕಳಿಸಬೇಕು ಅನ್ನುವುದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು ಅನ್ನಿಸಿತು. ನಿನ್ನ ಹಾಗೆ ಗಲ್ಫಿನಲ್ಲಿ ಕೂತು ಊರಲ್ಲಿರುವ ಮಕ್ಕಳ ಆಟ ವಿಚಾರಿಸುವ ಅಪ್ಪಂದಿರು ನಮ್ಮಲ್ಲಿ ತುಂಬ ಜನ ಇದ್ದಾರೆ. ಅವರಿಗೂ ಸಿಗಲಿ ಅಂತ ಎಲ್ಲರೂ ಓದುವ ಹಾಗೆ ಇಲ್ಲೇ ಬರೆಯುತ್ತಿದ್ದೇನೆ.

ನಿನ್ನ ಮಗನನ್ನು ನೆಹರೂ ಮೈದಾನದಲ್ಲಿ ಆಗಾಗ ನೋಡುತ್ತೇನೆ. ಕೆಲಸ ಬಿಟ್ಟು ಸ್ಟೇಟ್ ಬ್ಯಾಂಕಿಗೆ ಬಸ್ಸು ಹಿಡಿಯಲು ಬರುವಾಗ ಐದು ನಿಮಿಷ ನಿಂತು ನೋಡಿಯೇ ಮುಂದೆ ಹೋಗುವುದು. ಮಳೆಗಾಲ, ಮೈದಾನ ಪೂರ್ತಿ ಕೆಸರು. ಬೆಂಗ್ರೆಯ ಹುಡುಗರು ದೋಣಿ ಹತ್ತಿ ಬಂದು ಆಡುತ್ತಾರೆ. ಅವರ ಕಾಲಿನಿಂದ ಚೆಂಡು ಕಸಿಯುವುದು ಸುಲಭ ಅಲ್ಲ. ನಿನ್ನವನು ಹೆದರದೆ ನುಗ್ಗುತ್ತಾನೆ, ಎಡಗಾಲಿನ ಹೊಡೆತ ಚೆನ್ನಾಗಿದೆ. ಆದರೆ ಶಾಲೆಯ ತಂಡದ ಪಟ್ಟಿಯಲ್ಲಿ ಈ ಸಲ ಅವನ ಹೆಸರು ಬರಲಿಲ್ಲ. ನಿನಗೆ ಹೇಳಿರಲಿಕ್ಕಿಲ್ಲ. ನನಗೂ ನಿನ್ನ ಅಮ್ಮ ಹೇಳಿ ಗೊತ್ತಾದದ್ದು. ಆ ದಿನ ಬೆಳಗ್ಗೆ ನೀನು ಕಳಿಸಿದ್ದು, ಮೆಸ್ಸಿ 2012ರಲ್ಲಿ ಒಂದೇ ವರ್ಷಕ್ಕೆ 91 ಗೋಲು ಹೊಡೆದ ಸಂಗತಿ. ದೊಡ್ಡ ಸಾಧನೆಯೇ, ಮಾತಿಲ್ಲ. ಆದರೆ ಹೊರಗೆ ಕೂತ ಹುಡುಗನಿಗೆ ಆ ದಿನ ಆ 91ರಿಂದ ಏನು ಸಿಗಬೇಕು ಹೇಳು?

ಅಂಥ ದಿನ ಕಳಿಸಬೇಕಾದದ್ದು ಇದು. 2009ರಲ್ಲಿ ಲಂಡನ್ನಿನ ಕ್ವೀನ್ಸ್ ಪಾರ್ಕ್ ರೇಂಜರ್ಸ್ ಕ್ಲಬ್ಬು ಛೆಟ್ರಿ ಜೊತೆ ಮೂರು ವರ್ಷಕ್ಕೆ ಒಪ್ಪಂದ ಮಾಡಿಕೊಂಡಿತು. ಸಹಿಯೂ ಆಯಿತು. ಆದರೆ ಬ್ರಿಟನ್ ವರ್ಕ್ ಪರ್ಮಿಟ್ ಕೊಡಲಿಲ್ಲ. ಯಾಕೆ ಅಂದರೆ ಭಾರತ ಫಿಫಾ ರ‍್ಯಾಂಕಿಂಗಿನ ಮೊದಲ 70ರ ಒಳಗೆ ಇರಲಿಲ್ಲ. ಅವನ ಆಟ ಸಾಲದು ಅಂತ ಯಾರೂ ಹೇಳಲಿಲ್ಲ, ದೇಶದ ನಂಬರು ಸಾಲಲಿಲ್ಲ. ಮರುವರ್ಷ ಅಮೆರಿಕದ ಕಾನ್ಸಾಸ್ ಸಿಟಿಗೆ ಹೋದ. ಅಲ್ಲಿ ಆಡಲು ಅವಕಾಶವೇ ಹೆಚ್ಚು ಸಿಗಲಿಲ್ಲ. ವಾಪಸ್ ಬಂದ. 2012ರಲ್ಲಿ ಪೋರ್ಚುಗಲ್ಲಿನ ಸ್ಪೋರ್ಟಿಂಗ್ ಕ್ಲಬ್ಬಿಗೆ ಹೋದಾಗಲೂ ಬಿ ತಂಡದಲ್ಲೇ ಇಟ್ಟರು. ಅಲ್ಲಿಂದಲೂ ಬಂದ. 2013ರಲ್ಲಿ ಬೆಂಗಳೂರು ಎಫ್‌ಸಿ ಆಗಷ್ಟೇ ಹುಟ್ಟಿದ ಕ್ಲಬ್ಬು. ಅದರ ಕ್ಯಾಪ್ಟನ್ ಆಗಿ ಮೊದಲ ವರ್ಷವೇ ಐ-ಲೀಗ್, ಅಂದರೆ ಆಗಿನ ರಾಷ್ಟ್ರೀಯ ಲೀಗ್, ಗೆಲ್ಲಿಸಿದ. ಇಷ್ಟನ್ನೂ ಒಂದೇ ದಿನ ಕಳಿಸಬೇಡ. ಲಂಡನ್ ಒಂದು ದಿನ, ಕಾನ್ಸಾಸ್ ಮರುದಿನ, ಪೋರ್ಚುಗಲ್ ಮತ್ತೊಂದು ದಿನ. ಮುಂದೇನಾಯ್ತು ಅಂತ ಅವನೇ ಕೇಳಬೇಕು.

ಇನ್ನೊಂದು ನನಗೆ ತುಂಬ ಇಷ್ಟ. 2005ರ ಜೂನ್ 12, ಪಾಕಿಸ್ತಾನದ ಕ್ವೆಟ್ಟಾ. ಛೆಟ್ರಿಗೆ ಭಾರತದ ಪರ ಮೊದಲ ಪಂದ್ಯ, ವಯಸ್ಸು ಇಪ್ಪತ್ತು. ಇವತ್ತು ನೀನು ಆಡುತ್ತೀ ಅಂತ ಕೋಚ್ ಸುಖ್ವಿಂದರ್ ಸಿಂಗ್ ಬಂದು ಹೇಳಿದರು. ಜರ್ಸಿ ಕೈಗೆ ಸಿಕ್ಕಿದ ಕೂಡಲೇ ಇವನು ಮಾಡಿದ್ದೇನು ಗೊತ್ತಾ? ಅದಕ್ಕೆ ಸೆಂಟು ಹೊಡೆದುಕೊಂಡ! ಯಾಕೆ ಹಾಗೆ ಮಾಡಿದೆ ಅಂತ ತನಗೇ ಗೊತ್ತಿಲ್ಲ ಅಂತ, 2024ರಲ್ಲಿ ವಿದಾಯದ ವೀಡಿಯೊದಲ್ಲಿ ಅವನೇ ಹೇಳಿದ್ದಾನೆ. ಆ ಪಂದ್ಯದಲ್ಲಿ ಗೋಲನ್ನೂ ಹೊಡೆದ. ಪಂದ್ಯ 1-1 ಡ್ರಾ ಆಯಿತು. ಇಪ್ಪತ್ತು ವರ್ಷದ ಹುಡುಗನೊಬ್ಬ ದೇಶದ ಜರ್ಸಿಯನ್ನು ಹಬ್ಬದ ಬಟ್ಟೆಯ ಹಾಗೆ ಹಾಕಿಕೊಂಡದ್ದು ನನ್ನ ಕಣ್ಣಿಗೆ ಕಟ್ಟಿದೆ. ಅಂಕಿ ಅಂಶದ ಪಟ್ಟಿಯಲ್ಲಿ ಆ ದಿನಕ್ಕೆ ಒಂದು ಪಂದ್ಯ, ಒಂದು ಗೋಲು ಅಂತ ಮಾತ್ರ ಇರುತ್ತದೆ. ಮಗನಿಗೆ ಸೆಂಟಿನ ವಿಷಯ ಖಂಡಿತ ಕಳಿಸು.

ಈಗ ಮುಖ್ಯವಾದದ್ದಕ್ಕೆ ಬರುತ್ತೇನೆ. ಛೆಟ್ರಿ ಬಗ್ಗೆ ಒಂದೇ ಒಂದು ಸಂಖ್ಯೆ ಕಳಿಸುವುದಾದರೆ 2,569 ಕಳಿಸು. ಅದು ಗೋಲಿನ ಲೆಕ್ಕ ಅಲ್ಲ, ಜನರ ಲೆಕ್ಕ. 2018ರ ಜೂನ್ 1ರಂದು ಮುಂಬೈಯಲ್ಲಿ ಭಾರತ ಚೈನೀಸ್ ತೈಪೆ ಎದುರು 5-0 ಗೆದ್ದಿತು. ಛೆಟ್ರಿ ಹ್ಯಾಟ್ರಿಕ್ ಹೊಡೆದ. ನೋಡಲು ಬಂದವರು 2,569 ಜನ. ಮುಂಬೈಯಂಥ ಊರು ಮಾರಾಯ! ನಮ್ಮ ಕಡೆ ಕಂಬಳದಲ್ಲಿ ಕೋಣ ಓಡುವ ಕರೆಯ ಬದಿಯಲ್ಲಿ ರಾತ್ರಿ ಎರಡು ಗಂಟೆಗೂ ಅದಕ್ಕಿಂತ ಜಾಸ್ತಿ ಜನ ನಿಂತಿರುತ್ತಾರೆ.

ಮರುದಿನ ಅವನು ಒಂದು ವೀಡಿಯೊ ಹಾಕಿದ. ಸಿಟ್ಟಿನಿಂದ ಅಲ್ಲ, ಕೈಮುಗಿದು ಕೇಳಿಕೊಂಡ. ನಮ್ಮನ್ನು ಬೈಯಿರಿ, ಟೀಕೆ ಮಾಡಿ, ಆದರೆ ಮೊಬೈಲಿನಲ್ಲಿ ಅಲ್ಲ, ಮೈದಾನಕ್ಕೆ ಬಂದು ನಮ್ಮ ಮುಖಕ್ಕೇ ಹೇಳಿ ಅನ್ನುವುದು ಅವನ ಮಾತಿನ ಸಾರ. ಯೂರೋಪಿನ ಕ್ಲಬ್ಬುಗಳ ಅಭಿಮಾನಿಗಳನ್ನು ಉದ್ದೇಶಿಸಿ, ನಮ್ಮ ಆಟ ಆ ಮಟ್ಟದ್ದಲ್ಲ ಅಂತ ಗೊತ್ತು, ಆದರೂ ಬನ್ನಿ ಅಂದ. ಹಿಂದಿನ ದಿನ ಹ್ಯಾಟ್ರಿಕ್ ಹೊಡೆದ ಕ್ಯಾಪ್ಟನ್ ಹೀಗೆ ಕೇಳಬೇಕಾಯಿತು. ವಿರಾಟ್ ಕೊಹ್ಲಿಯೂ ಹೋಗಿ ನೋಡಿ ಅಂತ ಹೇಳಿದ. ಜೂನ್ 4ರಂದು ಕೀನ್ಯಾ ಎದುರಿನ ಪಂದ್ಯ, ಛೆಟ್ರಿಗೆ ಭಾರತದ ಪರ 100ನೆಯದು. ಟಿಕೆಟ್ ಎಲ್ಲ ಖಾಲಿ. ಜೋರು ಮಳೆ, ಮೈದಾನದಲ್ಲಿ ನೀರು. ಜನ ಎದ್ದು ಹೋಗಲಿಲ್ಲ. ಮೊದಲು ಪೆನಾಲ್ಟಿಯಲ್ಲಿ ಒಂದು, ಕೊನೆಯ ಗಳಿಗೆಯಲ್ಲಿ ಇನ್ನೊಂದು ಗೋಲು ಛೆಟ್ರಿಯದು. ನಡುವೆ ನಮ್ಮ ತಂಡದ ಜೆಜೆಯದೊಂದು. 3-0.

ಮೆಸ್ಸಿಯ ಮೇಲೆ ನನಗೆ ಯಾವ ಬೇಸರವೂ ಇಲ್ಲ. ವಿಶ್ವಕಪ್ ಬಂದರೆ ಉಳ್ಳಾಲದ ಕಡೆ ಅರ್ಜೆಂಟೀನಾ, ಬ್ರೆಜಿಲ್ ಬಾವುಟ ಹಾರುವುದು ನೋಡಲು ನನಗೂ ಖುಷಿ. ಆದರೆ ಮೆಸ್ಸಿ ಯಾವತ್ತೂ ನಮ್ಮ ಹುಡುಗರನ್ನು ದಯವಿಟ್ಟು ಬನ್ನಿ ಅಂತ ಕರೆಯಬೇಕಾಗಿ ಬರಲಿಲ್ಲ. ಛೆಟ್ರಿ ಕರೆದ. ಅವನ ವಿಷಯ ನಮ್ಮ ಮಕ್ಕಳಿಗೆ ನಾವು ಹೇಳದಿದ್ದರೆ ಬೇರೆ ಯಾರು ಹೇಳುತ್ತಾರೆ? ಅರ್ಜೆಂಟೀನಾದವರು ಬಂದು ಹೇಳುವುದಿಲ್ಲ, ಅಲ್ವಾ?

ಮಗಳಿಗೂ ಒಂದು ಸಂಗತಿ ಉಂಟು. ಛೆಟ್ರಿಯ ಅಮ್ಮ ಮತ್ತು ಅವರ ಅವಳಿ ಸಹೋದರಿ, ಇಬ್ಬರೂ ನೇಪಾಳದ ಮಹಿಳಾ ತಂಡಕ್ಕೆ ಫುಟ್ಬಾಲ್ ಆಡಿದವರು. ಅಪ್ಪ ಸೈನ್ಯದಲ್ಲಿ ಇದ್ದವರು. ಅಣ್ಣ ಆಡುವಾಗ ನಿನ್ನ ಮಗಳು ಮೈದಾನದ ಬದಿಯಲ್ಲಿ ಚೀಲ ಕಾಯುತ್ತಾ ಕೂತಿರುತ್ತಾಳೆ. ಇದನ್ನು ನೇರ ಅವಳ ಹೆಸರಿಗೇ ಕಳಿಸು. ಅಣ್ಣನ ಮೂಲಕ ಬೇಡ.

ಪ್ರಶಸ್ತಿಗಳದ್ದು ಒಂದು ದಿನದಲ್ಲಿ ಮುಗಿಸಿಬಿಡು. 2011ರಲ್ಲಿ ಅರ್ಜುನ, 2019ರಲ್ಲಿ ಪದ್ಮಶ್ರೀ, 2021ರಲ್ಲಿ ಖೇಲ್ ರತ್ನ. ಗೋಲಿನ ಒಟ್ಟು ಲೆಕ್ಕವನ್ನು ಅವನು ಮೊಬೈಲಿನಲ್ಲಿ ನೋಡಿಕೊಳ್ಳುತ್ತಾನೆ.

ಕುವೈತಿನಲ್ಲಿ ಇರುವವನಿಗೆ 2023ರ ಜುಲೈ 4ನ್ನು ನೆನಪಿಸಬೇಕಾ? ಬೆಂಗಳೂರಿನ ಕಂಠೀರವ ಮೈದಾನದಲ್ಲಿ ದಕ್ಷಿಣ ಏಷ್ಯಾದ ಸ್ಯಾಫ್ ಟೂರ್ನಿಯ ಫೈನಲ್, ಎದುರು ಕುವೈತ್. ಮೊದಲು ಗೋಲು ಅವರದ್ದು. ನಮ್ಮ ಛಾಂಗ್ಟೆ ಸಮ ಮಾಡಿದ. ಪೆನಾಲ್ಟಿ ಶೂಟೌಟಿನಲ್ಲಿ ಅವರ ಕೊನೆಯ ಹೊಡೆತವನ್ನು ಗೋಲಿ ಗುರುಪ್ರೀತ್ ತಡೆದ, 5-4. ಆ ಟೂರ್ನಿಯಲ್ಲಿ ಪಾಕಿಸ್ತಾನದ ಎದುರು ಛೆಟ್ರಿ ಮೂರು ಗೋಲು ಹೊಡೆದದ್ದೂ ಅದೇ ಮೈದಾನದಲ್ಲಿ. ಆ ಮೈದಾನ ನಮ್ಮ ರಾಜ್ಯದ್ದು ಅನ್ನುವುದನ್ನು ಮಗನಿಗೆ ಹೇಳು. ರಾತ್ರಿ ಬಸ್ಸು ಹತ್ತಿದರೆ ಬೆಳಗ್ಗೆ ತಲುಪುವ ಊರು. ಬೆಂಗಳೂರು ಎಫ್‌ಸಿ ಪಂದ್ಯ ಇದ್ದಾಗ ನಾನೇ ಅವನನ್ನೂ ತಂಗಿಯನ್ನೂ ಕರೆದುಕೊಂಡು ಹೋಗುತ್ತೇನೆ. ಶಾಲೆಗೆ ರಜೆ ಹಾಕಲು ನೀನು ಒಪ್ಪಬೇಕು ಅಷ್ಟೇ.

ವಿದಾಯದ ಪಂದ್ಯವೂ ಕುವೈತ್ ಎದುರೇ ಬಂತು ನೋಡು. 2024ರ ಜೂನ್ 6, ಕೋಲ್ಕತ್ತದ ಸಾಲ್ಟ್ ಲೇಕ್. ಗೋಲೇ ಇಲ್ಲದೆ 0-0. ಗೆದ್ದು ಕಳಿಸಿಕೊಡಬೇಕಿತ್ತು, ಆಗಲಿಲ್ಲ. ಅವನು ಅಳುತ್ತಾ ಮೈದಾನಕ್ಕೆ ಸುತ್ತು ಹಾಕಿದ. ಆ ರಾತ್ರಿ ನನಗೂ ಊಟ ಸೇರಲಿಲ್ಲ. ಆದರೆ ಕಥೆ ಅಲ್ಲಿಗೆ ನಿಲ್ಲಲಿಲ್ಲ. ಗೋಲು ಹೊಡೆಯುವವರೇ ಇಲ್ಲ ಅಂತಾದಾಗ ಅವನನ್ನೇ ವಾಪಸ್ ಕರೆದರು. 2025ರ ಮಾರ್ಚ್ 19, ಶಿಲ್ಲಾಂಗ್, ಎದುರು ಮಾಲ್ಡೀವ್ಸ್. ನಲವತ್ತು ವರ್ಷದವನು ತಲೆಯಿಂದ ಚೆಂಡನ್ನು ಒಳಗೆ ಹಾಕಿದ. ದೇಶಕ್ಕಾಗಿ 95ನೇ ಗೋಲು. ನಮ್ಮ ವಯಸ್ಸಿನವನು ಮಾರಾಯ!

ಇಷ್ಟರಲ್ಲಿ ನಿನಗೆ ಸುಮಾರು ದಿನಕ್ಕೆ ಸಾಕು. ಆದರೆ ಒಂದನ್ನು ನಾನು ಬರೆದುಕೊಡಲು ಆಗುವುದಿಲ್ಲ. 2023ರ ನವೆಂಬರ್ 16ರಂದು ಕುವೈತಿನ ಜಾಬೆರ್ ಸ್ಟೇಡಿಯಮ್ಮಿನಲ್ಲಿ ಛೆಟ್ರಿಯ ತಂಡ ಕುವೈತನ್ನು 1-0 ಸೋಲಿಸಿತಲ್ಲ, ವಿಶ್ವಕಪ್ ಅರ್ಹತಾ ಪಂದ್ಯ, 75ನೇ ನಿಮಿಷಕ್ಕೆ ಮನ್‌ವೀರ್ ಹೊಡೆದ ಗೋಲು. ಅಲ್ಲಿ ನೀನಿದ್ದೆ. ಡ್ಯೂಟಿ ಮುಗಿಸಿ ಅದೇ ಬಟ್ಟೆಯಲ್ಲಿ ಓಡಿದೆ ಅಂತ ನನಗೆ ಫೋನಿನಲ್ಲಿ ಹೇಳಿದ್ದೆ, ಗಂಟಲು ಕಟ್ಟಿತ್ತು. ಮಗನಿಗೆ ಆ ರಾತ್ರಿಯ ವಿಷಯ ಒಂದು ಸಾಲೂ ಗೊತ್ತಿಲ್ಲ, ನಾನು ವಿಚಾರಿಸಿದೆ. ಟಿಕೆಟ್ ಯಾರು ಕೊಟ್ಟರು, ಪಕ್ಕದಲ್ಲಿ ಯಾವ ಊರಿನವರು ಕೂತಿದ್ದರು, ಛೆಟ್ರಿ ನಿನಗೆ ಎಷ್ಟು ಹತ್ತಿರ ಕಂಡ, ಗೋಲು ಆದಾಗ ನೀನು ಯಾರನ್ನು ತಬ್ಬಿಕೊಂಡೆ, ಎಲ್ಲ ಬರಿ. ಮೊದಲ ದಿನಕ್ಕೆ ಅದನ್ನೇ ಕಳಿಸು. ಉದ್ದ ಆದರೆ ಆಗಲಿ.

ನಿನ್ನ ಗೆಳೆಯ