ಹಾಡಿನ ಪೀರಿಯಡ್ ಬಗ್ಗೆ ಪೋಷಕರಿಗೆ

ಪ್ರಿಯ ಪೋಷಕರೇ,

ನಮ್ಮ ಬಲ್ಗೇರಿಯನ್ ಶಾಲೆಯ ಶನಿವಾರದ ಮೂರನೇ ಪೀರಿಯಡ್, ಅಂದರೆ ಸಂಗೀತ, ಇನ್ನು ಮುಂದೆ ಎಲ್ಲರಿಗೂ ಕಡ್ಡಾಯ ಅಂತ ನೋಟಿಸ್ ಹೋದ ಮೇಲೆ ನಿಮ್ಮಲ್ಲಿ ಹಲವರು ಫೋನ್ ಮಾಡಿದಿರಿ. ಕೆಲವರು ಸ್ವಲ್ಪ ಖಾರವಾಗಿಯೇ ಮಾತಾಡಿದಿರಿ. ವಾರಕ್ಕೆ ಒಂದೇ ದಿನ ಬಲ್ಗೇರಿಯನ್ ಕಲಿಯುವುದು, ಅದರಲ್ಲೂ ಒಂದು ಗಂಟೆ ಹಾಡು ಕುಣಿತಕ್ಕೆ ಹೋದರೆ ಓದು ಬರಹ ಯಾವಾಗ ಅನ್ನುವುದು ನಿಮ್ಮ ಪ್ರಶ್ನೆ. ನ್ಯಾಯವಾದದ್ದೇ. ಶಿಕಾಗೋ ಟ್ರಾಫಿಕ್‌ನಲ್ಲಿ ಮಕ್ಕಳನ್ನು ಕರೆತರುವವರು ನೀವು, ಕೇಳುವ ಹಕ್ಕಿದೆ.

ಓದು ಬರಹದ ಎರಡು ಪೀರಿಯಡ್ ಹಾಗೇ ಇವೆ. ವ್ಯಾಕರಣ, ಇತಿಹಾಸ, ಭೂಗೋಳ ಯಾವುದಕ್ಕೂ ಕತ್ತರಿ ಬಿದ್ದಿಲ್ಲ.

ಆದರೆ ಹಾಡಿನ ಪೀರಿಯಡ್‌ನಲ್ಲೂ ನಡೆಯುವುದು ಭಾಷೆಯ ಪಾಠವೇ. ಬಲ್ಗೇರಿಯನ್‌ನ 30 ಅಕ್ಷರ ಗುರುತು ಹಿಡಿಯುವುದು ನಮ್ಮ ಮಕ್ಕಳಿಗೆ ಕಷ್ಟವಲ್ಲ. ಕಷ್ಟ ಇರುವುದು ನಾಲಗೆಯಲ್ಲಿ. ಇಲ್ಲೇ ಹುಟ್ಟಿ ಬೆಳೆದ ಮಗುವಿನ 'ರ' ಬಾಯೊಳಗೇ ಮಡಚಿಕೊಳ್ಳುತ್ತದೆ. ಓದುವಾಗ ತಿದ್ದಿದರೆ ಮುಖ ಸಣ್ಣದಾಗುತ್ತದೆ. ಹಾಡುವಾಗ ಮಾತ್ರ ಪಕ್ಕದವರ ಜೊತೆ ಅದೇ 'ರ' ಗಡಗಡ ಹೊರಳುತ್ತದೆ!

ಒಮ್ಮೆ ಬಂದು ನೋಡಿ. ರಚೆನಿತ್ಸ ಅನ್ನುವ ಬಲ್ಗೇರಿಯನ್ ಜಾನಪದ ಕುಣಿತಕ್ಕೆ ಏಳು ಎಣಿಕೆ: ಎರಡು, ಎರಡು, ಮೂರು. ನಾಲ್ಕರ ತಾಳದ ಪಾಪ್ ಕೇಳಿ ಬೆಳೆದ ಕಾಲುಗಳು ಕೊನೆಯ ಮೂರಕ್ಕೆ ಬಂದಾಗ ಎಡವುತ್ತವೆ. ತಪನ್ ಡೋಲಿಗೆ ಒಂದು ಕಡೆ ದಪ್ಪ ಕೋಲು, ಇನ್ನೊಂದು ಕಡೆ ತೆಳ್ಳಗಿನ ಕಡ್ಡಿ. ದಪ್ಪ ಕೋಲು ಬಿದ್ದಾಗ ಹೆಜ್ಜೆ ಇಡಬೇಕು. ಆಗ ಮಕ್ಕಳು "ಎದ್ನೊ-ದ್ವೆ, ಎದ್ನೊ-ದ್ವೆ, ಎದ್ನೊ-ದ್ವೆ-ತ್ರಿ" ಅಂತ ತಾವೇ ಜೋರಾಗಿ ಬಲ್ಗೇರಿಯನ್‌ನಲ್ಲಿ ಎಣಿಸುತ್ತಾರೆ. ತರಗತಿಯಲ್ಲಿ ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಕ್ಕಳು ಇವರೇ ಅಲ್ವಾ?

1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆ ಹೊತ್ತೊಯ್ದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ನಮ್ಮ ಗಾಯಕಿ ವಾಲ್ಯಾ ಬಲ್ಕಾನ್ಸ್ಕಾ ಹಾಡಿದ, ಬಲ್ಗೇರಿಯಾದ ರೊಡೊಪಿ ಬೆಟ್ಟದ ಹಾಡಿದೆ. ನಮ್ಮ ವ್ಯಾಕರಣ ಪುಸ್ತಕವನ್ನು ಯಾರೂ ಹಾಕಲಿಲ್ಲ. ತಮಾಷೆಗೆ ಹೇಳಿದೆ, ವ್ಯಾಕರಣದ ಟೀಚರ್ ಕೋಪ ಮಾಡಿಕೊಳ್ಳಬಾರದು.

ಸಂಗೀತಕ್ಕೆ ಅಂಕ ಇಲ್ಲವಲ್ಲ ಅಂದಿರಿ. ಇಲ್ಲ, ನಿಜ. ಕೊಡುವ ಯೋಚನೆಯೂ ಇಲ್ಲ. ಹೋಮ್‌ವರ್ಕ್ ಇಲ್ಲ, ಕಸೂತಿ ಅಂಗಿ ಕೊಳ್ಳಬೇಕಾಗಿಲ್ಲ, ಕಂಠ ಚೆನ್ನಾಗಿರಬೇಕು ಅಂತಲೂ ಇಲ್ಲ. ನಾಚಿಕೆ ಜಾಸ್ತಿ ಇರುವ ಮಗು ಸುಮ್ನೆ ಕೂತು ಕೇಳಿದರೂ ಸಾಕು. ಆದರೆ ತರಗತಿಯಲ್ಲಿ ಇರಬೇಕು. ಅರ್ಧ ಮಕ್ಕಳು ಹನ್ನೆರಡಕ್ಕೇ ಎದ್ದು ಹೋದರೆ ಹೊರೊ ಕುಣಿತಕ್ಕೆ ಕೈ ಹಿಡಿಯಲು ಪಕ್ಕದಲ್ಲಿ ಯಾರೂ ಇರುವುದಿಲ್ಲ. ಉಳಿದವರೂ ಬಾಗಿಲ ಕಡೆ ನೋಡುತ್ತಾ ಕೂರುತ್ತಾರೆ. ಫುಟ್‌ಬಾಲ್ ಪಂದ್ಯ, ಡಾಕ್ಟರ್ ಅಪಾಯಿಂಟ್‌ಮೆಂಟ್ ಇದ್ದರೆ ಮೊದಲೇ ತಿಳಿಸಿ, ತಕರಾರಿಲ್ಲ. ಪ್ರತಿ ವಾರವೂ ಡಾಕ್ಟರ್ ಅಂದರೆ ಮಾತ್ರ ನಾವು ಕೇಳಬೇಕಾಗುತ್ತದೆ.

ಮೇ 24, ಬಲ್ಗೇರಿಯನ್ ಬರೆಯುವ ಸಿರಿಲಿಕ್ ಅಕ್ಷರಗಳ ಹಬ್ಬಕ್ಕೆ, ಕವಿ ಸ್ತೊಯಾನ್ ಮಿಹಾಯ್ಲೊವ್ಸ್ಕಿ 1892ರಲ್ಲಿ ಬರೆದ ಗೀತೆಯನ್ನು ಈ ಸಲ ಎಲ್ಲ ತರಗತಿಗಳೂ ಸೇರಿ ಹಾಡಲಿವೆ. ಅಭ್ಯಾಸ ಮುಂದಿನ ಶನಿವಾರ ಶುರು.

ದಯವಿಟ್ಟು ಮಧ್ಯಾಹ್ನ ಒಂದು ಗಂಟೆಗೆ ಮೊದಲು ಮಕ್ಕಳನ್ನು ಕರೆದೊಯ್ಯಬೇಡಿ.

ಬೇಗ ಬಂದವರಿಗೆ ಹಾಲ್‌ನ ಹಿಂದಿನ ಸಾಲಿನಲ್ಲಿ ಕುರ್ಚಿ ಹಾಕಿಸಿದ್ದೇವೆ.

ವಿಶ್ವಾಸದಿಂದ,
ಮುಖ್ಯೋಪಾಧ್ಯಾಯಿನಿ