ಡ್ರಿಲ್ ಹೋಲ್‌ನ ಅಂಕಿ ನೋಡಿ ಮಿಲ್ ಕಟ್ಟಬೇಡಿ

ಚಿ. ಸಿಂಧುಗೆ ದೊಡ್ಡಪ್ಪನ ಆಶೀರ್ವಾದಗಳು.

ಆಸ್ಟ್ರೇಲಿಯಾದ ವಿಕ್ಟೋರಿಯಾದ ಬೆಂಡಿಗೋ ಸೀಮೆಯಲ್ಲಿ ಹೊಸ ಚಿನ್ನದ ಗಣಿಗೆ ಡಿಕ್ಲೈನ್ (ಇಳಿಜಾರು ಸುರಂಗ) ಇಳಿಸುವ ಯೋಜನೆಯಲ್ಲಿ ಜಿಯಾಲಜಿಸ್ಟ್ ಆಗಿದ್ದೀಯ ಎಂದು ತಿಳಿದು ಸಂತೋಷವಾಯಿತು. ಕೋರ್‌ನಲ್ಲಿ (ಡ್ರಿಲ್ ಮಾಡಿ ತೆಗೆದ ಕಲ್ಲಿನ ಕಂಬ) ಕಣ್ಣಿಗೆ ಕಾಣುವ ಚಿನ್ನ ಸಿಕ್ಕಿದೆ, ಒಂದೆರಡು ಅಸ್ಸೇ (ಚಿನ್ನದ ಅಂಶದ ಪರೀಕ್ಷೆ) ಟನ್ನಿಗೆ 200 ಗ್ರಾಂ ದಾಟಿದೆ, ಉಳಿದವು ಬಹುತೇಕ ಸೊನ್ನೆ ಎಂದು ಬರೆದಿದ್ದೀಯ. ದಪ್ಪ ಕಣದ ಚಿನ್ನದ ಗುಣವೇ ಅದು. ಆ 200ನ್ನೂ ನಂಬಬೇಡ, ಆ ಸೊನ್ನೆಗಳನ್ನೂ ನಂಬಬೇಡ.

ಒಂದು ಲೆಕ್ಕ ಹಾಕಿ ನೋಡು. 1 ಮಿ.ಮೀ. ಅಡ್ಡಳತೆಯ ಗುಂಡನೆಯ ಚಿನ್ನದ ಕಣ ಸುಮಾರು 10 ಮಿಲಿಗ್ರಾಂ ತೂಗುತ್ತದೆ. ಕಲ್ಲಿನ ನಿಜವಾದ ಗ್ರೇಡ್ (ಚಿನ್ನದ ಪ್ರಮಾಣ) ಟನ್ನಿಗೆ 5 ಗ್ರಾಂ ಇದ್ದು, ಚಿನ್ನವೆಲ್ಲ ಇಂಥ ಕಣಗಳಲ್ಲೇ ಇದ್ದರೆ, 2 ಕಿಲೋ ಕಲ್ಲಿಗೆ ಒಂದೇ ಒಂದು ಕಣ. ಕುಲುಮೆಯಲ್ಲಿ ಕರಗಿಸಿ ಅಳೆಯುವ ಫೈರ್ ಅಸ್ಸೇಗೆ ಹೋಗುವುದು 50 ಗ್ರಾಂ ಪುಡಿ. ನಲವತ್ತು ಸಲ ಪರೀಕ್ಷಿಸಿದರೆ ಮೂವತ್ತೊಂಬತ್ತು ಸಲ ಸೊನ್ನೆ, ಒಂದು ಸಲ 200 ಬರುತ್ತದೆ. ಲ್ಯಾಬ್ ತಪ್ಪು ಮಾಡಿಲ್ಲ, ಸ್ಯಾಂಪಲ್ಲೇ ಸಾಲದು. ಶೇ. 10ರಷ್ಟು ತಪ್ಪಿನೊಳಗೆ ಉತ್ತರ ಬೇಕೆಂದರೆ ಸ್ಯಾಂಪಲ್‌ನಲ್ಲಿ ನೂರು ಕಣವಾದರೂ ಇರಬೇಕು, ಅಂದರೆ 200 ಕಿಲೋ ಕಲ್ಲು. ಅದೂ ಕಣಗಳು ಸಮನಾಗಿ ಹರಡಿದ್ದರೆ. ನಿಜದಲ್ಲಿ ಅವು ಗುಂಪುಗುಂಪಾಗಿ ಕೂತಿರುತ್ತವೆ, ಹಾಗಾಗಿ ಇನ್ನೂ ಹೆಚ್ಚು ಬೇಕು. ಎನ್‌ಕ್ಯೂ ಅಳತೆಯ ಕೋರ್‌ನ ಒಂದು ಮೀಟರ್ ಪೂರ್ತಿ ಕೊಟ್ಟರೂ 5 ಕಿಲೋ ಮುಟ್ಟುವುದಿಲ್ಲ, ಅರ್ಧ ಸೀಳಿ ಕೊಟ್ಟರೆ ಅದರ ಅರ್ಧ.

ರೀಫ್ (ಚಿನ್ನ ಹೊತ್ತ ಕ್ವಾರ್ಟ್ಜ್ ಪದರ) ಇರುವ ಭಾಗದ ಕೋರನ್ನು ಫೋಟೋ ತೆಗೆದು, ಲಾಗ್ ಮಾಡಿ, ಸೀಳದೆ ಇಡಿಯಾಗಿ ಕಳಿಸು. ಲ್ಯಾಬ್‌ಗೆ ಸ್ಕ್ರೀನ್ ಫೈರ್ ಅಸ್ಸೇ ಹೇಳು: ಕನಿಷ್ಠ ಒಂದು ಕಿಲೋ ಪುಡಿಯನ್ನು 75 ಅಥವಾ 106 ಮೈಕ್ರಾನ್ ಜರಡಿ ಹಿಡಿದು, ಮೇಲುಳಿದ ದಪ್ಪ ಭಾಗವನ್ನು ಪೂರ್ತಿ ಅಸ್ಸೇ ಮಾಡಬೇಕು. ಚಿನ್ನ ಮೃದು, ಪಲ್ವರೈಸರ್‌ನಲ್ಲಿ ಪುಡಿಯಾಗುವ ಬದಲು ಚಪ್ಪಟೆಯಾಗಿ ಬಟ್ಟಲಿಗೆ ಮೆತ್ತಿಕೊಳ್ಳುತ್ತದೆ. ಚಿನ್ನ ಕಂಡ ಪ್ರತಿ ಸ್ಯಾಂಪಲ್ ಆದಮೇಲೆ ಬರೀ ಕ್ವಾರ್ಟ್ಜ್ ಹಾಕಿ ಬಟ್ಟಲು ತೊಳೆಸು, ಆ ಕ್ವಾರ್ಟ್ಜನ್ನೂ ಅಸ್ಸೇ ಮಾಡಿಸು. ಮುಂದಿನ ಸ್ಯಾಂಪಲ್‌ಗೆ ಚಿನ್ನ ದಾಟುತ್ತಿದೆಯೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಇಷ್ಟೆಲ್ಲ ಮಾಡಿದರೂ ಡ್ರಿಲ್ಲಿಂಗ್ ನಿನಗೆ ಹೇಳುವುದು ರೀಫ್ ಎಲ್ಲಿದೆ, ಎಷ್ಟು ದಪ್ಪ, ಎತ್ತ ಬಾಗಿದೆ, ಎಲ್ಲಿ ಫಾಲ್ಟ್‌ಗೆ (ನೆಲದೊಳಗಿನ ಬಿರುಕಿಗೆ) ಸಿಕ್ಕಿ ಸರಿದಿದೆ ಎಂಬುದನ್ನು ಮಾತ್ರ. ಗ್ರೇಡ್ ತಿಳಿಯಬೇಕಾದರೆ ರೀಫಿನ ಒಳಗೇ ಡ್ರೈವ್ (ಮಟ್ಟವಾದ ಸುರಂಗ) ಹೊಡೆಯಬೇಕು. 1851ರಿಂದ 2 ಕೋಟಿ ಔನ್ಸ್‌ಗೂ ಹೆಚ್ಚು ಚಿನ್ನ ಕೊಟ್ಟ ಬೆಂಡಿಗೋದಲ್ಲೇ 2000ರ ದಶಕದಲ್ಲಿ ಆಧುನಿಕ ಡಿಕ್ಲೈನ್ ಇಳಿಸಿ, ದೊಡ್ಡ ಮಿಲ್ ಕಟ್ಟಿ, ಅಂದುಕೊಂಡಷ್ಟು ಚಿನ್ನ ಬಾರದೆ ಯೋಜನೆ ಕುಗ್ಗಿಸಬೇಕಾಯಿತು. ಹಣ ಹೂಡುವವರು ಅವಸರ ಮಾಡುತ್ತಾರೆ, ಅವರ ಮುಂದೆ ನೀನು ಗಟ್ಟಿಯಾಗಿ ನಿಲ್ಲಬೇಕಾದ ಜಾಗ ಇದೇ.

ಡಿಕ್ಲೈನ್ ಏಳಕ್ಕೆ ಒಂದರ ಇಳಿಜಾರಿನಲ್ಲಿ ಬರಲಿ, ಮೊದಲು ಎರಡೇ ಲೆವೆಲ್ (ಅಂತಸ್ತು) ತೆರೆಯಿರಿ. ನಡುವೆ 15–20 ಮೀಟರ್ ಅಂತರ ಸಾಕು, ಎರಡನ್ನೂ ಒಂದು ರೈಸ್‌ನಿಂದ (ಕೆಳಗಿನಿಂದ ಮೇಲಕ್ಕೆ ಕೊರೆದ ದಾರಿ) ಕೂಡಿಸಿ. 3 ಮೀಟರ್ ಅಗಲ, 3 ಮೀಟರ್ ಎತ್ತರದ ಮುಖದಲ್ಲಿ (ಅಗೆಯುತ್ತಿರುವ ಸುರಂಗದ ತುದಿಯ ಗೋಡೆ) 3 ಮೀಟರ್ ಮುಂದೆ ಹೋದರೆ ಸುಮಾರು 73 ಟನ್ ಕಲ್ಲು ಬರುತ್ತದೆ. ಪ್ರತಿ ಬ್ಲಾಸ್ಟ್‌ನ ಕಲ್ಲನ್ನು ಬೇರೆ ರಾಶಿ ಹಾಕಿ, ಫಲಕ ನೆಟ್ಟು, ಚಿನ್ನವನ್ನು ಅದರ ಭಾರದಿಂದಲೇ ಬೇರ್ಪಡಿಸುವ ಸಣ್ಣ ಗ್ರಾವಿಟಿ ಪ್ಲಾಂಟ್‌ನಲ್ಲಿ ಬೇರೆಬೇರೆಯಾಗಿ ಓಡಿಸಿ. ರಾಶಿ ಬದಲಾದಾಗಲೆಲ್ಲ ಪ್ಲಾಂಟ್ ಖಾಲಿ ಮಾಡಿ ತೊಳೆಯಬೇಕು, ಇಲ್ಲದಿದ್ದರೆ ಒಂದರ ಚಿನ್ನ ಇನ್ನೊಂದರ ಲೆಕ್ಕಕ್ಕೆ ಸೇರುತ್ತದೆ. ಮುಖದ ನಕ್ಷೆ ಮತ್ತು ಫೋಟೋ ಒಂದು ಬ್ಲಾಸ್ಟ್‌ಗೂ ತಪ್ಪಬಾರದು. ನಮ್ಮ ಕೋಲಾರದ ಚಾಂಪಿಯನ್ ರೀಫ್‌ನಲ್ಲೂ ಒಳ್ಳೆಯ ಚಿನ್ನ ಓರೆಯಾಗಿ ಇಳಿಯುವ ಷೂಟ್‌ಗಳಲ್ಲಿ (ರೀಫಿನೊಳಗಿನ ಸಿರಿವಂತ ಪಟ್ಟಿಗಳಲ್ಲಿ) ಕೂಡಿತ್ತು, ನಡುವಿನ ಕ್ವಾರ್ಟ್ಜ್ ಬಡವಾಗಿತ್ತು. ನಿಮ್ಮ ಷೂಟ್ ಯಾವ ಕಡೆ ಓರೆಯಾಗಿದೆ ಎಂದು ಆ ನಕ್ಷೆಗಳೇ ಹೇಳುತ್ತವೆ.

ಸ್ಟೋಪಿಂಗ್ (ರೀಫನ್ನೇ ಒಡೆದು ಅದಿರು ತೆಗೆಯುವ ಕೆಲಸ) ಶುರುವಾದಾಗ ಅಗಲದ ಮೇಲೆ ಕಣ್ಣಿಡು. 40 ಸೆಂ.ಮೀ. ದಪ್ಪದ, 25 ಗ್ರಾಂ ಗ್ರೇಡಿನ ರೀಫನ್ನು 1.6 ಮೀಟರ್ ಅಗಲಕ್ಕೆ ಒಡೆದರೆ ಮಿಲ್‌ಗೆ ಹೋಗುವುದು ಟನ್ನಿಗೆ 6.25 ಗ್ರಾಂ.

ಬ್ಲಾಸ್ಟ್ ಆದಾಗ ಕ್ವಾರ್ಟ್ಜ್ ಚಿನ್ನವಿರುವ ಕಡೆಯೇ ಬಿರಿಯುತ್ತದೆ. ಬಿಡಿಯಾದ ಚಿನ್ನ ಸಣ್ಣ ಪುಡಿಯ ಜೊತೆ ಕಲ್ಲುಗಳ ಸಂದಿಯಲ್ಲಿ ಇಳಿದು ನೆಲದ ಬಿರುಕಿಗೆ ಸೇರುತ್ತದೆ. ಲೋಡರ್‌ನ ಬಕೆಟ್ ಅದನ್ನು ಎತ್ತುವುದಿಲ್ಲ. ಮೇಲೆ ರಸ್ತೆಗೆಂದು ವೇಸ್ಟ್ ಕಲ್ಲು ಹರಡಿದರೆ ಅಷ್ಟು ಚಿನ್ನ ಹೂತಂತೆ. ಗಟ್ಟಿ ನೆಲ ಕಾಣುವವರೆಗೆ ಕೆರೆದು, ನೀರು ಹಾಯಿಸಿ, ಪುಡಿಯನ್ನು ವ್ಯಾಕ್ಯೂಮ್‌ನಿಂದ ಎಳೆಸು. ಈ ಕೆಲಸಕ್ಕೆ ಪಾಳಿಯಲ್ಲಿ ಬೇರೆ ಸಮಯ ಇಡದಿದ್ದರೆ ಯಾರೂ ಮಾಡುವುದಿಲ್ಲ.

ಮಿಲ್‌ನಲ್ಲಿ ಗ್ರೈಂಡಿಂಗ್ ಸರ್ಕ್ಯೂಟ್ ಒಳಗೇ ಭಾರದ ಚಿನ್ನವನ್ನು ತಿರುಗಿಸಿ ಹಿಡಿಯುವ ನೆಲ್ಸನ್ ಕಾನ್ಸಂಟ್ರೇಟರ್, ಅದರ ನಂತರ ಶೇಕಿಂಗ್ ಟೇಬಲ್ ಬೇಕು. ದಪ್ಪ ಕಣ ಒಂದು ದಿನದ ಸೈನೈಡ್ ಲೀಚಿಂಗ್‌ನಲ್ಲಿ ಪೂರ್ತಿ ಕರಗದೆ ಟೇಲಿಂಗ್ಸ್‌ಗೆ (ಬಿಸಾಡುವ ಪುಡಿಗೆ) ಹೋಗುತ್ತದೆ. ಮೊದಲ ವಾರಗಳಲ್ಲಿ ಚಿನ್ನ ಕಡಿಮೆ ಬಂದರೆ ಗಣಿಯ ಗ್ರೇಡ್ ಕೆಟ್ಟಿತೆಂದು ಹೆದರಬೇಡ. ಮಿಲ್‌ನ ಒಳಹೊದಿಕೆಯಾದ ಲೈನರ್‌ನ ಸಂದಿ, ಸಂಪ್‌ಗಳು ಮೊದಲು ತಮ್ಮ ಪಾಲು ನುಂಗುತ್ತವೆ, ಲೈನರ್ ಬದಲಿಸುವಾಗ ಅದು ವಾಪಸ್ ಸಿಗುತ್ತದೆ. ಗೋಲ್ಡ್ ರೂಮಿಗೆ ಎರಡು ಬೀಗ, ಎರಡು ಕೈಯಲ್ಲಿ ಎರಡು ಕೀಲಿ. ಕಣ್ಣಿಗೆ ಕಾಣುವ ಚಿನ್ನ ಜೇಬಿಗೂ ಸುಲಭವಾಗಿ ಇಳಿಯುತ್ತದೆ.

ಎಲ್ಲಕ್ಕಿಂತ ನನಗೆ ಚಿಂತೆ ಹಳೆಯ ಗಣಿಗಳ ನೀರಿನದು. ಆ ಸೀಮೆಯ ಅಡಿಯೆಲ್ಲ ನೂರು–ನೂರೈವತ್ತು ವರ್ಷ ಹಳೆಯ ಶಾಫ್ಟ್, ಡ್ರೈವ್‌ಗಳು, ತುಂಬ ನೀರು, ನೀರಿನಲ್ಲಿ ಆರ್ಸೆನಿಕ್. ಹಳೆಯ ನಕ್ಷೆಯಲ್ಲಿ ಡ್ರೈವ್ ನಿಂತ ಜಾಗವೇ ಕೊನೆ ಎಂದುಕೊಳ್ಳಬೇಡ, ನಕ್ಷೆ ಬರೆದ ಮೇಲೂ ಅಗೆದಿರಬಹುದು. ಹಳೆಯ ಸುರಂಗಗಳ ಹತ್ತಿರ ಪ್ರತಿ ಮುಖಕ್ಕೂ ಮುಂದಾಗಿ ಪ್ರೋಬ್ ಹೋಲ್ (ಮುಂದೇನಿದೆ ಎಂದು ತಿಳಿಯುವ ರಂಧ್ರ) ಹೊಡೆಸು. ರಂಧ್ರದ ಬಾಯಿಗೆ ಸ್ಟ್ಯಾಂಡ್‌ಪೈಪ್ (ಗಟ್ಟಿ ಕೊಳವೆ) ಗ್ರೌಟ್ ಮಾಡಿ, ವಾಲ್ವ್ ಕೂರಿಸಿ, ಒತ್ತಡ ಪರೀಕ್ಷೆಯಾದ ಮೇಲಷ್ಟೇ ರಾಡ್ ಒಳಗೆ ಹೋಗಲಿ. ಅದಿಲ್ಲದೆ ಪಾಳಿ ಬಾಸ್ ಮುಂದೆ ಹೋಗೋಣ ಎಂದರೆ ಮುಖ ನಿಲ್ಲಿಸು. ಜಿಯಾಲಜಿಸ್ಟ್ ಬೇಡ ಎಂದ ಮುಖದಲ್ಲಿ ಡ್ರಿಲ್ ಹಿಡಿಯಬಾರದು ಎಂಬ ನಿಯಮವನ್ನು ಕೆಲಸ ಶುರುವಾಗುವ ಮೊದಲೇ ಬರವಣಿಗೆಯಲ್ಲಿ ಪಡೆದುಕೋ.

ಇಂತಿ,
ನಿನ್ನ ದೊಡ್ಡಪ್ಪ