ಭಾವನಿಗೆ, ಮತ್ತೆ ಜೊತೆಗಿದ್ದ ಎಲ್ಲರಿಗೂ

ಸಾಕ್ರಟೀಸ್ ಬಗ್ಗೆ ನಾನು ಬರೆಯುತ್ತಿದ್ದ ಪುಸ್ತಕ ಕೊನೆಗೂ ಪ್ರೆಸ್ಸಿಗೆ ಹೋಯಿತು. ಗ್ರೀಸಿನ ತತ್ವಜ್ಞಾನಿ ಅಲ್ಲ, ಬ್ರೆಜಿಲ್‌ನ ಫುಟ್‌ಬಾಲ್ ಮಿಡ್‌ಫೀಲ್ಡರ್. ನನ್ನ ಆರೋಗ್ಯದ ವಿಷಯ ನಿಮಗೆಲ್ಲ ಗೊತ್ತೇ ಇದೆ, ಅದನ್ನು ಮತ್ತೆ ಹೇಳುವುದಿಲ್ಲ. ಈಗ ಊಟ ಸೇರುತ್ತಿದೆ. ಸಂಜೆ ಬೀದಿಯ ತುದಿವರೆಗೆ ನಡೆದು ಬರುತ್ತೇನೆ. ಇಲ್ಲಿಗೆ ಮುಟ್ಟಿಸಿದವರಿಗೆ ಎಲ್ಲರೆದುರು ಥ್ಯಾಂಕ್ಸ್ ಹೇಳಬೇಕು ಅನ್ನಿಸಿತು.

ರಕ್ತ ಕೊಟ್ಟ ಆಫೀಸಿನ ಹುಡುಗರು, ಮಕ್ಕಳನ್ನು ತಮ್ಮ ಮನೆಯಲ್ಲೇ ಇಟ್ಟುಕೊಂಡ ಪಕ್ಕದ ಮನೆಯವರು, ದಿನಾ ಗಂಜಿ ಕಳಿಸಿದ ಅತ್ತಿಗೆ, ಪೋರ್ಚುಗೀಸ್ ಹೆಸರುಗಳನ್ನು ಸರಿಮಾಡಿಕೊಟ್ಟ ಗೆಳೆಯ, ಕರಡು ತಿದ್ದಿದ ಮೇಷ್ಟ್ರು, ನಿಮಗೆಲ್ಲ ಮನಸಾರೆ ನಮಸ್ಕಾರ.

ಇನ್ನು ಭಾವ.

ಭಾವನದು ತಿಪಟೂರಿನಲ್ಲಿ ಕೊಬ್ಬರಿ ವ್ಯಾಪಾರ. ಕಬಡ್ಡಿ ಅಂದರೆ ಪ್ರಾಣ, ಫುಟ್‌ಬಾಲ್ ಗಂಧಗಾಳಿ ಇಲ್ಲ. ಆಪರೇಷನ್ನಿನ ಹಿಂದಿನ ರಾತ್ರಿ ನನ್ನ ಹೆಂಡತಿಯನ್ನು ಬಲವಂತ ಮಾಡಿ ಮನೆಗೆ ಕಳಿಸಿ ಅವರೇ ಉಳಿದರು. ಮರುದಿನ ಹರಾಜು ಇತ್ತು ಅಂತ ನನಗೆ ಆಮೇಲೆ ಅಕ್ಕನಿಂದ ಗೊತ್ತಾಯಿತು. ಅವರು ಅದರ ಸುದ್ದಿಯನ್ನೇ ಎತ್ತಲಿಲ್ಲ.

ನೋವಿಗೆ ನಿದ್ದೆ ಹತ್ತುತ್ತಿರಲಿಲ್ಲ. ನೀರು ಕುಡಿಯುವ ಹಾಗಿರಲಿಲ್ಲ. ಬ್ಯಾಗಿನಲ್ಲಿ ನನ್ನ ಪುಸ್ತಕದ ಪ್ರಿಂಟ್ ಇತ್ತು. ಭಾವ ಅದನ್ನು ತೆಗೆದು, ಕನ್ನಡಕ ಹಾಕಿಕೊಂಡು, "ನಾನು ಓದ್ತೀನಿ, ನೀನು ಕೇಳ್ತಾ ಇರು" ಅಂದರು. ವಾರ್ಡಿನಲ್ಲಿ ದೀಪ ಆರಿಸಿದ್ದರು. ಮೊಬೈಲ್ ಬೆಳಕನ್ನು ಅಂಗೈಯಿಂದ ಅರ್ಧ ಮುಚ್ಚಿಕೊಂಡು, ಸಾಲಿನ ಕೆಳಗೆ ಬೆರಳಿಟ್ಟು, ಪಿಸುದನಿಯಲ್ಲಿ ಓದಿದರು. ರಿಬೇರಾವ್ ಪ್ರೆಟೊ ಅನ್ನುವ ಊರಿನ ಹೆಸರು ನಾಲಿಗೆಗೆ ಬರಲಿಲ್ಲ. ಬಿಡದೆ ಹೇಳಿ ಹೇಳಿ ಅಭ್ಯಾಸ ಮಾಡಿಕೊಂಡೇ ಮುಂದೆ ಹೋದರು.

ಸಾಕ್ರಟೀಸ್‌ನ ಅಪ್ಪನಿಗೆ ಓದಿನ ಹುಚ್ಚು. ಗ್ರೀಕರ ಪುಸ್ತಕ ಓದಿಯೇ ಮಗನಿಗೆ ಆ ಹೆಸರಿಟ್ಟರು. 1964ರಲ್ಲಿ ಸೈನ್ಯ ಅಧಿಕಾರ ಹಿಡಿದಾಗ ಅದೇ ಅಪ್ಪ ಹೆದರಿ, ತಾವು ಕೂಡಿಟ್ಟ ಪುಸ್ತಕ ಸುಟ್ಟರು. ಹುಡುಗನಿಗೆ ಆಗ ಹತ್ತು ವರ್ಷ. ಅದು ಅವನ ಮನಸ್ಸಿನಿಂದ ಕಡೆವರೆಗೂ ಹೋಗಲಿಲ್ಲ. ಭಾವ ಅಲ್ಲಿ ಓದು ನಿಲ್ಲಿಸಿ, "ಮಗನ ಕಣ್ಣೆದುರಿಗೇನಾ?" ಅಂತ ಕೇಳಿದರು. ಹೌದು ಅಂದೆ.

ಅವನು ಮೆಡಿಕಲ್ ಓದುತ್ತಲೇ ಬೊಟಫೋಗೊ ಕ್ಲಬ್ಬಿಗೆ ಆಡಿದ, ರಿಬೇರಾವ್ ಪ್ರೆಟೊದಲ್ಲಿರುವ ಬೊಟಫೋಗೊ. ಡಾಕ್ಟರ್ ಆದಮೇಲೆ 1978ರಲ್ಲಿ ಸಾವೊ ಪಾಲೊದ ಕೊರಿಂಥಿಯನ್ಸ್ ಕ್ಲಬ್ಬಿಗೆ ಬಂದ. 1.92 ಮೀಟರ್ ಎತ್ತರದ ಆಳು, ಪಾದ ಮಾತ್ರ ಚಿಕ್ಕವು. ಅಷ್ಟು ಉದ್ದದ ಮೈ ತಿರುಗಿಸುವಷ್ಟರಲ್ಲಿ ಎದುರಾಳಿ ಮೈಮೇಲೆ ಬರುತ್ತಾನಲ್ಲ, ಅದಕ್ಕೆ ತಿರುಗದೆ ಹಿಮ್ಮಡಿಯಲ್ಲೇ ಪಾಸ್ ಕೊಡುತ್ತಿದ್ದ. ಭಾವ ಕೂತಲ್ಲೇ ಚಪ್ಪಲಿ ಬಿಟ್ಟು ಹಿಮ್ಮಡಿ ಆಡಿಸಿ ನೋಡಿದರು. ಆ ರಾತ್ರಿ ನಾನು ನಕ್ಕಿದ್ದು ಆಗ.

ಅವರಿಗೆ ಜಾಸ್ತಿ ಹಿಡಿಸಿದ್ದು ಕೊರಿಂಥಿಯನ್ಸ್ ಡೆಮಾಕ್ರಸಿಯ ಅಧ್ಯಾಯ. ದೇಶದಲ್ಲಿ ಸೈನ್ಯದ ಆಡಳಿತ. ಈ ಕ್ಲಬ್ಬಿನಲ್ಲಿ ಮಾತ್ರ ಎಲ್ಲದಕ್ಕೂ ಓಟು. ಮ್ಯಾಚಿನ ಹಿಂದಿನ ದಿನ ಆಟಗಾರರನ್ನು ಹೋಟೆಲಿನಲ್ಲಿ ಕೂಡಿಹಾಕಬೇಕೋ ಬೇಡವೋ, ಯಾರನ್ನು ತಂಡಕ್ಕೆ ತರಬೇಕು, ಎಲ್ಲ ಕೂತು ತೀರ್ಮಾನಿಸುತ್ತಿದ್ದರು. ವ್ಲಾದಿಮಿರ್, ಕಸಗ್ರಾಂದೆ, ಸಾಕ್ರಟೀಸ್ ಇದರ ಮುಂದಾಳುಗಳು. ಬಟ್ಟೆ, ಬೂಟು ನೋಡಿಕೊಳ್ಳುವವನಿಗೂ ಒಂದು ಓಟು, ಬ್ರೆಜಿಲ್ ತಂಡದ ಕ್ಯಾಪ್ಟನ್ ಆಗಿದ್ದ ಸಾಕ್ರಟೀಸ್‌ಗೂ ಒಂದೇ ಓಟು. "ಹಂಗೂ ಇದ್ದು ಗೆದ್ರಾ?" ಅಂದರು ಭಾವ. ಗೆದ್ದರು. 1982, 1983, ಎರಡು ವರ್ಷ ಸಾಲಾಗಿ ಸಾವೊ ಪಾಲೊ ರಾಜ್ಯದ ಚಾಂಪಿಯನ್ನರು. 1983ರ ಫೈನಲ್‌ಗೆ ಮೈದಾನಕ್ಕೆ ಇಳಿಯುವಾಗ, ಗೆಲ್ಲಲಿ ಸೋಲಲಿ, ಡೆಮಾಕ್ರಸಿ ಮಾತ್ರ ಸದಾ ಇರಲಿ ಅನ್ನುವ ಬ್ಯಾನರ್ ಹಿಡಿದೇ ಬಂದರು.

1984ರ ಏಪ್ರಿಲ್‌ನಲ್ಲಿ ಸಾವೊ ಪಾಲೊದ ಬೃಹತ್ ಸಭೆಯಲ್ಲಿ ಅವನು ಹೇಳಿದ್ದನ್ನು ಭಾವ ಎರಡು ಸಲ ಓದಿದರು. ಜನರೇ ನೇರವಾಗಿ ಅಧ್ಯಕ್ಷರನ್ನು ಆರಿಸುವ ತಿದ್ದುಪಡಿ ಪಾಸಾದರೆ ಇಟಲಿಗೆ ಹೋಗುವುದಿಲ್ಲ ಅಂದಿದ್ದ. ಸಂಸತ್ತಿನಲ್ಲಿ 22 ಓಟು ಕಮ್ಮಿ ಬಿತ್ತು. ಅವನು ಇಟಲಿಯ ಫಿಯೊರೆಂಟಿನಾ ಕ್ಲಬ್ಬಿಗೆ ಹೊರಟುಹೋದ.

ಆಮೇಲೆ ಕೊನೆಯ ಅಧ್ಯಾಯ ಬಂತು.

ಅದರಲ್ಲಿ ಏನಿದೆ ಅಂತ ನನಗೆ ಗೊತ್ತಿತ್ತು, ಬರೆದವನು ನಾನೇ ಅಲ್ವಾ. ಸಾಕ್ರಟೀಸ್ ಕುಡಿತದಿಂದ ಹಾಳಾದ ದೇಹದ ಜೊತೆ 2011ರಲ್ಲಿ ಮತ್ತೆ ಮತ್ತೆ ಆಸ್ಪತ್ರೆ ಸೇರಿದ. 57 ವರ್ಷಕ್ಕೇ ಹೋಗಿಬಿಟ್ಟ. ನನ್ನ ಕಾಯಿಲೆ ಬೇರೆ, ಕಾರಣ ಬೇರೆ. ಆದರೆ ಆ ಹಾಳೆಯಲ್ಲಿದ್ದ ರಕ್ತಸ್ರಾವ, ಸೋಂಕು, ಐಸಿಯು ಅನ್ನುವ ಪದಗಳೆಲ್ಲ ಅಷ್ಟೊತ್ತಿಗೆ ನನ್ನ ಕೇಸ್ ಶೀಟಿನಲ್ಲೂ ಇದ್ದವು. ಭಾವ ಮೊದಲ ಎರಡು ಸಾಲು ಮನಸ್ಸಿನಲ್ಲೇ ಓದಿಕೊಂಡರು. ಹಾಳೆಗಳನ್ನು ನಾಲ್ಕು ಮಡಿಕೆ ಮಾಡಿ ಅಂಗಿ ಜೇಬಿಗೆ ಹಾಕಿಕೊಂಡರು. "ಇದು ಇವತ್ತು ಬೇಡ" ಅಂದರು.

ನನಗೆ ಅಳು ಬಂತು. ಭಯ ಅಂದರೆ ಸುಮ್ನೆ ಭಯ ಅಲ್ಲ, ಮಕ್ಕಳ ಮುಖ ನೆನಪು ಮಾಡಿಕೊಳ್ಳಲಿಕ್ಕೂ ಆಗದಂಥ ಭಯ. ಬೆಳಗಾಗುತ್ತೋ ಇಲ್ಲವೋ ಭಾವ ಅಂತ ಕೇಳಿದೆ. ಏನೂ ಆಗಲ್ಲ ಅಂತ ಅವರು ಹೇಳಲಿಲ್ಲ. ಡ್ರಿಪ್ ಇಲ್ಲದ ಕೈ ಹಿಡಿದುಕೊಂಡು, "ನಾನು ಎಲ್ಲಿಗೂ ಹೋಗಲ್ಲ ಕಣೋ" ಅಂದರು. ಸ್ವಲ್ಪ ಹೊತ್ತಾದ ಮೇಲೆ, "ಆ ಇಟಲಿ ಮ್ಯಾಚ್ ಇನ್ನೊಂದ್ಸಲ ಹೇಳು" ಅಂದರು.

ಹೇಳಿದೆ. 1982ರ ವಿಶ್ವಕಪ್, ಜುಲೈ 5, ಬಾರ್ಸಿಲೋನಾದ ಸಾರಿಯಾ ಮೈದಾನ. ಜೀಕೊ, ಫಲ್ಕಾವೊ, ಎದೆರ್ ಇದ್ದ ತಂಡ, ಸಾಕ್ರಟೀಸ್ ಕ್ಯಾಪ್ಟನ್. ಸೆಮಿಫೈನಲ್‌ಗೆ ಡ್ರಾ ಆದರೂ ಸಾಕಿತ್ತು. ಇಟಲಿಯ ರೊಸ್ಸಿ ಗೋಲು ಹೊಡೆದ, ಸಾಕ್ರಟೀಸ್ ಸಮ ಮಾಡಿದ. ರೊಸ್ಸಿ ಮತ್ತೆ ಹೊಡೆದ, ಫಲ್ಕಾವೊ ಸಮ ಮಾಡಿದ. ರೊಸ್ಸಿ ಮೂರನೆಯದನ್ನೂ ಹೊಡೆದ. ಡ್ರಾ ಸಾಕು ಅಂತ ಕೂರದೆ ಗೆಲ್ಲಲಿಕ್ಕೇ ಆಡಿದ ಆ ತಂಡವನ್ನು, ಕಪ್ ಗೆದ್ದ ಎಷ್ಟೋ ತಂಡಗಳಿಗಿಂತ ನಾನು ಹೆಚ್ಚು ಪ್ರೀತಿಸುತ್ತೇನೆ. ಹೇಳುತ್ತಾ ಹೇಳುತ್ತಾ ಕಿಟಕಿ ಬೆಳ್ಳಗಾಯಿತು. ಸ್ಟ್ರೆಚರ್ ಬಂತು. ಬಾಗಿಲವರೆಗೂ ಭಾವ ಪಕ್ಕದಲ್ಲೇ ನಡೆದರು.

ಮನೆಗೆ ಬಂದ ಮೇಲೆ ಆ ಮಡಿಸಿದ ಹಾಳೆಗಳನ್ನು ಭಾವ ವಾಪಸ್ ಕೊಟ್ಟರು. ನಾನು ಆ ಅಧ್ಯಾಯವನ್ನು ಮೊದಲಿಂದ ಬರೆದೆ. ಆಸ್ಪತ್ರೆಗೆ ಈಗ ಒಂದೇ ಸಾಲು. ಉಳಿದದ್ದೆಲ್ಲ ಅವನು ತೀರಿಕೊಂಡ ದಿನದ, 2011ರ ಡಿಸೆಂಬರ್ 4ರ ಭಾನುವಾರದ ಪಂದ್ಯ. ಪಕಯೆಂಬು ಮೈದಾನದಲ್ಲಿ ಕೊರಿಂಥಿಯನ್ಸ್ ಆಟಗಾರರು ನಡುವಿನ ವೃತ್ತದಲ್ಲಿ ನಿಂತು, ಅವನು ಗೋಲು ಹೊಡೆದಾಗ ಎತ್ತುತ್ತಿದ್ದ ಹಾಗೇ ಬಲಗೈ ಮುಷ್ಟಿ ಎತ್ತಿದರು. ಪಾಲ್ಮೈರಾಸ್ ಜೊತೆ ಗೋಲಿಲ್ಲದ ಡ್ರಾ ಆಯಿತು. ಅವತ್ತು ಅಷ್ಟು ಸಾಕಾಯಿತು, ಕೊರಿಂಥಿಯನ್ಸ್ ಬ್ರೆಜಿಲ್ ಚಾಂಪಿಯನ್ ಆಯಿತು. ಪುಸ್ತಕದಲ್ಲಿ ನನಗೆ ಈಗ ಎಲ್ಲಕ್ಕಿಂತ ಇಷ್ಟವಾದ ಪುಟಗಳು ಇವೇ. ಭಾವ ಜೇಬಿಗೆ ಹಾಕಿಕೊಳ್ಳದಿದ್ದರೆ ಇವು ಹುಟ್ಟುತ್ತಿರಲಿಲ್ಲ.

ಪುಸ್ತಕವನ್ನು ಅಕ್ಕ, ಭಾವ ಇಬ್ಬರಿಗೂ ಅರ್ಪಿಸಿದ್ದೇನೆ. ಹಿಂದೆ ಮುಂದೆ ನೋಡದೆ ಗಂಡನನ್ನು ಕಳಿಸಿಕೊಟ್ಟು, ಹರಾಜಿನ ಫೋನುಗಳಿಗೆಲ್ಲ ತಾನೇ ಉತ್ತರ ಕೊಟ್ಟವಳು ಅಕ್ಕ.

ಭಾವ, ಪ್ರತಿಗಳು ಬಂದ ವಾರವೇ ನೀವಿಬ್ಬರೂ ಬೆಂಗಳೂರಿಗೆ ಬರಬೇಕು. ಇಟಲಿ ಮ್ಯಾಚ್ ಪೂರ್ತಿ ಹಾಕಿ ತೋರಿಸುತ್ತೇನೆ, ತೊಂಬತ್ತು ನಿಮಿಷವೂ. ಫಲ್ಕಾವೊ ಗೋಲಿನ ಹೊತ್ತಿಗೆ ಯಾರ ಫೋನ್ ಬಂದರೂ ಎತ್ತಬೇಡಿ.